ಪಾದ್ರಿಗುಂಡಿಯ ಮರಳು

“ಏಯ್, ಯಾರ್ರೀ ಅದು? ಗುಂಡಿಯಿಂದ ಮೇಲೆ ಬನ್ನಿ! ಆಟ ನಡೀತಿರೋದು ಕಾಣಿಸಲ್ವಾ?”

ಇನ್ಸ್‌ಪೆಕ್ಟರ್ ಉನಾ ಗಿಲ್‌ಕ್ರಿಸ್ಟ್ ತಲೆ ಎತ್ತಲಿಲ್ಲ. ಗಾಲ್ಫ್ ಮೈದಾನದ ಮರಳುಗುಂಡಿಗಳಲ್ಲೆಲ್ಲ ಆಳವಾದ ಪಾದ್ರಿಗುಂಡಿಯ ತಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮರಳನ್ನೇ ನೋಡುತ್ತಿದ್ದಳು. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಅವಳ ಸಿಟ್ಟಿಗೆ ಅದೇ ಕಾರಣ. ಹೊಸ ಮದುವೆಯ ಹಾಸಿಗೆಯ ಹಾಗೆ ಮರಳನ್ನು ಎಳೆದು, ತೀಡಿ, ಒಂದು ಸುಕ್ಕೂ ಇಲ್ಲದಂತೆ ಹಾಸಿದ್ದರು.

ಸುಂಯ್ ಎಂದು ಬಂದ ಬಿಳಿ ಚೆಂಡೊಂದು ಗುಂಡಿಯ ಹುಲ್ಲುಗೋಡೆಗೆ ಬಡಿದು ಅವಳ ಬೂಟಿನ ಪಕ್ಕದಲ್ಲೇ ಬಿತ್ತು.

ಉನಾ ಅದನ್ನು ಹೆಕ್ಕಿಕೊಂಡು ಮೇಲೆ ಹತ್ತಿದಳು. ಉಣ್ಣೆಯ ಅಂಗಿ ತೊಟ್ಟ ಇಬ್ಬರು ಗಂಡಸರು ಕೋಲು ಹಿಡಿದು ದಾಪುಗಾಲು ಹಾಕುತ್ತ ಬರುತ್ತಿದ್ದರು. ಅವರು ನೋಡುತ್ತಿದ್ದ ಹಾಗೇ ಅವಳು ತೋಳು ಬೀಸಿ ಚೆಂಡನ್ನು ದಿಬ್ಬದಾಚೆಗೆ, ಕಡಲಿನ ಕಡೆಗೆ ಎಸೆದಳು.

“ಅಯ್ಯಯ್ಯೋ! ಏನ್ರೀ ಮಾಡಿದ್ರಿ? ಕ್ಯಾಪ್ಟನ್ಸ್ ಕಪ್ ಪಂದ್ಯ ಇದು!”

“ಹೋದ ಗುರುವಾರ ಈ ಗುಂಡೀಲಿ ಒಬ್ಬ ಹೆಂಗಸು ಸತ್ತಿದಾರೆ. ನಿಮ್ಮಲ್ಲಿ ಒಬ್ಬರಾದ್ರೂ ಆಟ ನಿಲ್ಲಿಸಿದ್ರಾ? ನಾಚಿಕೆ ಆಗಲ್ವಾ ನಿಮಗೆ?”

ಮೇಲೆ ನಿಂತಿದ್ದ ಸಾರ್ಜೆಂಟ್ ಕ್ಯಾಲಮ್ ಬೇರ್ಡ್ ಓಡಿಬಂದು ನಡುವೆ ನಿಂತ. ಆ ಇಬ್ಬರ ಹೆಸರು ಹಿಡಿದು ಕರೆದು, ಬೇರೆ ಚೆಂಡು ಇಟ್ಟು ಆಡಿ ಎಂದು ಸಮಾಧಾನ ಹೇಳಿ ಕಳಿಸಿದ. ಕ್ಯಾಲಮ್ ಈ ಕ್ಲಬ್ಬಿನ ಒಳ್ಳೆಯ ಆಟಗಾರರಲ್ಲಿ ಒಬ್ಬ.

“ಮೇಡಂ, ಸ್ವಲ್ಪ ತಾಳ್ಮೆ ತಂದ್ಕೊಳ್ಳಿ. ಇವರೆಲ್ಲ ಮೇಲಿನವರಿಗೆ ದೂರು ಕೊಡೋ ಜನ.”

“ಕೊಡಲಿ. ಕೈಬರಹ ಚೆನ್ನಾಗಿದ್ರೆ ನಾನೂ ಓದ್ತೀನಿ.”

ಸತ್ತವಳು ಎಫೀ ಟಲಕ್. ಕಿಲ್‌ಬ್ರೆನಿಯ ಶಾಲೆಯಲ್ಲಿ ಊರಿನ ಮುಕ್ಕಾಲುಪಾಲು ಜನಕ್ಕೆ ಅಕ್ಷರ ಕಲಿಸಿದವಳು, ಲಿಂಕ್ಸ್ ಎಂದು ಕರೆಯುವ ಈ ಕಡಲದಂಡೆಯ ಗಾಲ್ಫ್ ಮೈದಾನದಲ್ಲಿ ಹೆಂಗಸರ ಬಹುಮಾನಗಳನ್ನು ವರ್ಷಗಟ್ಟಲೆ ಬೇರೆಯವರ ಕೈಗೆ ಸಿಗಗೊಡದವಳು. ಏಡಿ ಹಿಡಿಯುವ ಮುರ್ಡೋನ ಮಗಳೆಂದು ಪುಟ್ಟ ಉನಾಗೆ ಕ್ಲಬ್ಬು ಬಾಗಿಲು ಮುಚ್ಚಿದಾಗ, ತನ್ನದೇ ಹಳೆಯ ಕೋಲೊಂದನ್ನು ಕುಯ್ದು ಗಿಡ್ಡ ಮಾಡಿ ಕೈಗೆ ಕೊಟ್ಟು, ಗಾಳಿಯ ಅಡಿಯಲ್ಲಿ ಚೆಂಡು ತೂರಿಸುವುದನ್ನು ಕಲಿಸಿದವಳೂ ಅವಳೇ.

ಸಂಜೆ ಒಬ್ಬಳೇ ಆಡುತ್ತಿದ್ದಳು, ಚೆಂಡು ಪಾದ್ರಿಗುಂಡಿಗೆ ಬಿತ್ತು, ಇಳಿಯುವಾಗ ಕಾಲು ಜಾರಿ ಮರದ ಮೆಟ್ಟಿಲಿಗೆ ತಲೆ ಬಡಿಯಿತು. ಪಾಪ, ವಯಸ್ಸಾಗಿತ್ತು. ಇಡೀ ಕ್ಲಬ್ಬು ಒಂದೇ ಬಾಯಲ್ಲಿ ಹೇಳುತ್ತಿದ್ದ ಮಾತು ಇದು.

ಇವತ್ತು ಬೆಳಿಗ್ಗೆ ಶವಪರೀಕ್ಷೆ ಮಾಡಿದ ವೈದ್ಯೆ ಫೋನಿನಲ್ಲಿ ಬೇರೆ ಮಾತು ಹೇಳಿದ್ದಳು. “ತಲೆಗೆ ಬಿದ್ದ ಏಟಿಂದ ಸತ್ತಿಲ್ಲ ಉನಾ. ಏಟಿಗೆ ಎದ್ದೇಳೋಕೆ ಆಗಿಲ್ಲ, ಅಷ್ಟೆ. ಕೊಂದಿದ್ದು ಚಳಿ. ತುಂಬ ಹೊತ್ತು ಜೀವ ಇತ್ತು. ಯಾರಾದ್ರೂ ಕೈ ಹಿಡಿದು ಎತ್ತಿದ್ರೆ ಇವತ್ತು ನಿನ್ನ ಜೊತೆ ಜಗಳ ಆಡ್ತಾ ಕೂತಿರೋರು.”

ಆ ಮಾತು ಕೇಳಿದ ಕೂಡಲೇ ಉನಾ ನೇರ ಗುಂಡಿಗೆ ಬಂದಿದ್ದಳು.

ಅವಳು ಬೆನ್ನಿಗೆ ಗಾಳಿ ಕೊಟ್ಟು ನಿಂತು ಫೋನಿನಲ್ಲಿದ್ದ ಚಿತ್ರಗಳನ್ನು ಮತ್ತೆ ತೆಗೆದಳು. ಶುಕ್ರವಾರ ಬೆಳಿಗ್ಗೆ ಉನಾ ದೂರದ ನಗರದಲ್ಲಿ ಬೇರೊಂದು ಕೇಸಿನ ಸಾಕ್ಷಿ ಹೇಳಲು ಕೋರ್ಟಿನ ಕಟಕಟೆಯಲ್ಲಿದ್ದಳು. ಹೆಣದ ಹತ್ತಿರ ಮೊದಲು ಬಂದ ಪೊಲೀಸಿನವನು ಕ್ಯಾಲಮ್. ಚಿತ್ರಗಳೂ ಅವನವೇ. ಅವಳು ಊರು ಮುಟ್ಟುವಷ್ಟರಲ್ಲಿ ಹೆಣ ಎತ್ತಿ, ಮರಳು ತೀಡಿ, ಧ್ವಜ ನೆಟ್ಟು, ಆಟ ಶುರುಮಾಡಿ ಆಗಿತ್ತು.

“ಇಲ್ಲಿ ನೋಡು ಕ್ಯಾಲಮ್. ಗುರುವಾರ ರಾತ್ರಿಯೆಲ್ಲ ಮೂಡಣಗಾಳಿ ಹೊಡೀತು, ಅಲ್ವಾ? ಬೀದಿ ತುಂಬ ಮರಳು.”

“ಹೌದು ಮೇಡಂ. ನನ್ನ ಕಾರಿನ ಗಾಜೆಲ್ಲ ಮರಳೇ.”

“ಎಫೀ ಕೂದಲ ಮೇಲೆ ಮರಳಿದೆ. ತೋಳಿನ ಮಡಿಕೇಲಿ ಮರಳು ಕೂತಿದೆ. ಅವಳು ಸದಾ ಊರ್ಕೊಂಡು ನಡೀತಿದ್ದ ಕೋಲು ಪಕ್ಕದಲ್ಲಿ ಅರ್ಧ ಹೂತು ಹೋಗಿದೆ. ಈಗ ಚೆಂಡು ನೋಡು.”

ಕ್ಯಾಲಮ್ ಬಗ್ಗಿ ನೋಡಿದ. ಹೆಣದ ಕಾಲಬಳಿ ಇದ್ದ ಚೆಂಡು ಈಗಷ್ಟೇ ತೊಳೆದಿಟ್ಟ ಕೋಳಿಮೊಟ್ಟೆಯಂತೆ ಮರಳಿನ ಮೇಲೆ ಬೆಳ್ಳಗೆ ಕೂತಿತ್ತು.

“ಗಾಳಿ ನಿಂತ ಮೇಲೆ ಯಾರೋ ತಂದಿಟ್ಟಿದ್ದು ಇದು,” ಎಂದಳು ಉನಾ. “ಆಡೋಕೆ ಗುಂಡಿಗೆ ಇಳಿದಳು ಅಂತ ಕತೆ ಕಟ್ಟೋಕೆ. ಆಡ್ತಾ ಬಿದ್ದಿಲ್ಲ ಅವಳು. ಇಲ್ಲಿಗೆ ಬೀಳಿಸಿದಾರೆ.”

“ಚೆಂಡು ಉರುಳುತ್ತೆ ಮೇಡಂ. ಹೆಣ ಎತ್ತೋಕೆ ಬಂದವರ ಕಾಲಿಗೆ ತಾಗಿರಬಹುದು.”

“ಅವರು ಬರೋ ಮೊದಲೇ ಚಿತ್ರ ತೆಗ್ದಿದೀಯಲ್ಲ.”

“ಅದೂ ಸರಿ,” ಎಂದ ಕ್ಯಾಲಮ್, ಫೋನಿನಿಂದ ಕಣ್ಣು ತೆಗೆದು.

ಉನಾ ಆಗಲೇ ಕ್ಲಬ್ಬಿನ ಕಲ್ಲುಮನೆಯ ಕಡೆಗೆ ಹೊರಟಿದ್ದಳು. ಮರಳು ತೀಡಿಸಿದವನು ಅಲ್ಲಿದ್ದ. ಚೆಂಡು ಇಡಿಸಿದವನೂ ಅವನೇ ಎಂದು ಅವಳ ಮನಸ್ಸು ತೀರ್ಪು ಕೊಟ್ಟಾಗಿತ್ತು.

*

ಕ್ಲಬ್ಬಿನ ಮುಂಗೋಣೆಗೆ ಹೆಂಗಸರನ್ನು ಬಿಟ್ಟಿದ್ದು ತೀರ ಈಚೆಗೆ. ಉನಾ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಹತ್ತಾರು ಗಂಡಸರ ಮಾತು ಒಮ್ಮೆಲೇ ನಿಂತಿತು. ವಿಸ್ಕಿಯ ಗ್ಲಾಸುಗಳು ಅರ್ಧದಾರಿಯಲ್ಲಿ ತಡೆದವು. ಒದ್ದೆ ಉಣ್ಣೆ, ಕರಿದ ಮೀನು, ಹಳೆಯ ಚರ್ಮದ ವಾಸನೆ. ಎದುರಿನ ದೊಡ್ಡ ಕಿಟಕಿಯಲ್ಲಿ ಇಡೀ ಲಿಂಕ್ಸು, ಅದರಾಚೆ ಬೂದು ಕಡಲು. ಪಾದ್ರಿಗುಂಡಿಯ ಹುಲ್ಲುಗೋಡೆ ಅಲ್ಲಿಂದ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು.

ಇಷ್ಟು ಹತ್ತಿರ.

“ಮಿಸ್ಟರ್ ಕಾರ್ಗಿಲ್, ನಿಮ್ಮ ಹತ್ರ ಮಾತಾಡ್ಬೇಕು.”

ಕಿಟಕಿಯ ಪಕ್ಕದ ಕುರ್ಚಿಯಿಂದ ಕ್ಲಬ್ಬಿನ ಕ್ಯಾಪ್ಟನ್ ರಾನಲ್ಡ್ ಕಾರ್ಗಿಲ್ ನಿಧಾನವಾಗಿ ಎದ್ದ. ಎತ್ತರದ ಆಳು, ನಿವೃತ್ತ ವಕೀಲ, ಮೈಮೇಲೆ ಕ್ಯಾಪ್ಟನ್ ಪದವಿಯ ಕೆಂಪು ಕೋಟು. ನಗು ಮಾತ್ರ ಬಡವರಿಗೆ ಹಳೇ ಬಟ್ಟೆ ದಾನ ಕೊಡುವವನದು.

“ಬಾ ಉನಾ, ಬಾ. ಕೂತ್ಕೋ ಮಗೂ. ಏನು ತಗೋತೀಯ?”

“ಇನ್ಸ್‌ಪೆಕ್ಟರ್ ಗಿಲ್‌ಕ್ರಿಸ್ಟ್. ನಾನು ಕುಡಿಯೋಕೆ ಬಂದಿಲ್ಲ. ಉಳಿದವರೆಲ್ಲ ಹೊರಗೆ ಹೋಗಿ.”

“ಹೊರಗಾ? ಗಾಳಿ ಹೇಗಿದೆ ನೋಡಿದ್ಯಾ?”

“ಆ ಗಾಳೀಲೇ ಎಫೀ ಟಲಕ್ ಒಂದು ರಾತ್ರಿ ಮಲಗಿದ್ದು. ನೀವೆಲ್ಲ ಅರ್ಧ ಗಂಟೆ ನಿಂತರೆ ಯಾರೂ ಸಾಯಲ್ಲ. ಹೊರಡಿ!”

ಕುರ್ಚಿಗಳು ಕಿರುಗುಟ್ಟಿದವು. ಗೊಣಗುತ್ತ, ಗ್ಲಾಸು ಹಿಡಿದುಕೊಂಡೇ ಅವರು ಹೊರಬಿದ್ದರು. ಬಾಗಿಲಿನ ಬಳಿ ಕ್ಯಾಲಮ್ ಕಂಡ. “ನೀನು ಕಾರಿನ ಹತ್ರ ಇರು,” ಎಂದಳು. ಅವನು ತಲೆಯಾಡಿಸಿ ಹೋದ.

ಕಾರ್ಗಿಲ್‌ನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅಂಚು ಮುದುಡಿತ್ತು.

“ಮರಳು ತೀಡ್ಸಿದ್ದು ಯಾಕೆ?” ಉನಾ ಕೂರಲಿಲ್ಲ.

“ಅದೇನು ದೊಡ್ಡ ಗುಟ್ಟಾ? ಹೆಣ ಬಿದ್ದ ಗುರುತು ನೋಡ್ಕೊಂಡು ಯಾರು ಆಡ್ತಾರೆ? ಸತ್ತವರ ಮೇಲಿನ ಗೌರವಕ್ಕೆ…”

“ಗೌರವ! ಬದುಕಿದ್ದಾಗ ಆ ಹೆಂಗಸನ್ನ ಹಿಂಬಾಗಿಲಿಂದ ಓಡಾಡಿಸಿದ್ರಿ. ಸತ್ತ ಮೇಲೆ ಗೌರವ ಉಕ್ಕಿ ಬಂತಾ? ಶನಿವಾರದ ಸಭೇಲಿ ಅವಳು ಎದ್ದು ನಿಂತು ಏನು ಹೇಳ್ತಾಳೆ ಅಂತ ನಿಮಗೆ ಗೊತ್ತಿತ್ತು.”

ಊರಿಗೆಲ್ಲ ಗೊತ್ತಿತ್ತು. ಲಿಂಕ್ಸನ್ನು ಹೊರಗಿನ ಹೋಟೆಲಿನವರಿಗೆ ಒಪ್ಪಿಸಿ, ಸುತ್ತ ಬೇಲಿ ಹಾಕಿಸಲು ಕಾರ್ಗಿಲ್ ಹೊರಟಿದ್ದ. ಬೇಲಿ ಬಂದರೆ ಊರಿನವರು ತಲೆತಲಾಂತರದಿಂದ ಕಡಲಿಗೆ ಇಳಿಯುತ್ತಿದ್ದ ಹಾದಿ ಮುಚ್ಚಿಹೋಗುತ್ತಿತ್ತು. ಎಫೀ ಬೀದಿಬೀದಿ ಸುತ್ತಿ ಜನರನ್ನು ಸಭೆಗೆ ಕರೆದಿದ್ದಳು. ಅವಳು ಸತ್ತಳೆಂದು ಸಭೆ ಮುಂದೆ ಹೋಯಿತು. ಕ್ಯಾಪ್ಟನ್ಸ್ ಕಪ್ ಮಾತ್ರ ಮುಂದೆ ಹೋಗಲಿಲ್ಲ.

“ಒಬ್ಬ ಮುದುಕಿ ಬಾಯಿಗೆ ಹೆದರಿ ಕೊಲೆ ಮಾಡೋನು ಅಂದ್ಕೊಂಡ್ಯಾ ನನ್ನ?”

“ಕೊಲೆ ಅಂತ ನಾನಿನ್ನೂ ಅಂದಿಲ್ಲ. ನೀವೇ ಅಂದ್ರಿ.”

ಕಾರ್ಗಿಲ್ ಕಿಟಕಿಯ ಕಡೆಗೆ ತಿರುಗಿದ.

“ಗುರುವಾರ ಸಂಜೆ ಈ ಕೋಣೇಲಿ ಯಾರಿದ್ರು?”

“ಯಾರೂ ಇರ್ಲಿಲ್ಲ. ಗಾಳಿ ಜೋರು ಅಂತ ನಾನೇ ಬೀಗ ಹಾಕಿ ಬೇಗ ಮನೆಗೆ ಹೋದೆ. ನನ್ನ ಹೆಂಡತೀನ ಕೇಳು.”

“ಬೀಗದಕೈ?”

“ಕಮಿಟಿಯವರ ಹತ್ರ ಇದೆ. ಚಳಿಗಾಲದಲ್ಲಿ ಅಭ್ಯಾಸ ಮಾಡೋ ಹುಡುಗರ ಹತ್ರ ಇದೆ. ಇದೇನು ಜೈಲಾ, ಎಣಿಸಿ ಇಟ್ಕೊಳ್ಳೋಕೆ?”

ಉನಾ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. “ಈ ಚೆಂಡು ಯಾರು ಇಟ್ಟಿದ್ದು? ನೀವಾ, ನಿಮ್ಮ ಆಳಿನ ಕೈಲಿ ಇಡಿಸಿದ್ರಾ?”

ಕಾರ್ಗಿಲ್ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ. ಅವನ ಹಣೆ ಗಂಟಿಕ್ಕಿತು.

“ಚೆಂಡಾ? ಯಾವ ಚೆಂಡು? ಬೆಳಿಗ್ಗೆ ಹುಲ್ಲು ಕತ್ತರಿಸೋನು ಓಡಿಬಂದು ಕರೆದಾಗ ಮೊದಲು ಹೋಗಿ ನೋಡಿದ್ದು ನಾನು. ಗುಂಡೀಲಿ ಚೆಂಡು ಇರ್ಲಿಲ್ಲ.”

“ಸುಳ್ಳು.”

“ನೋಡು ಉನಾ, ಐವತ್ತು ವರ್ಷದಿಂದ ಗಾಲ್ಫ್ ಆಡ್ತಿದೀನಿ. ಗುಂಡಿ ಕಂಡ್ರೆ ನನ್ನ ಕಣ್ಣು ಮೊದಲು ಹುಡುಕೋದೇ ಚೆಂಡು. ಇರ್ಲಿಲ್ಲ ಅಂದ್ರೆ ಇರ್ಲಿಲ್ಲ.”

ಅವನ ದನಿಯಲ್ಲಿ ಮೊದಲ ಸಲ ವಕೀಲಿಕೆ ಇರಲಿಲ್ಲ. ಬೇರೆ ದಿನವಾಗಿದ್ದರೆ ಉನಾ ಅಲ್ಲೇ ತಡೆದು, ಆ ಒಂದು ಮಾತಿನ ಬಾಲ ಹಿಡಿದು ಹೋಗುತ್ತಿದ್ದಳು. ಇವತ್ತು ಸಿಟ್ಟು ಅವಳನ್ನು ಮುಂದಕ್ಕೆ ತಳ್ಳಿತು.

“ಹಾಗಾದ್ರೆ ಏನಿತ್ತು? ಚೆಂಡು ಇಲ್ಲದಿದ್ರೆ ಏನು ಅಳಿಸೋಕೆ ಅಷ್ಟು ಅವಸರ? ಈಗ ಹೇಳಿ. ಇಲ್ಲ ಅಂದ್ರೆ ಲಿಂಕ್ಸಿನ ಸುತ್ತ ಪೊಲೀಸ್ ಪಟ್ಟಿ ಕಟ್ಟಿಸ್ತೀನಿ. ನಿಮ್ಮ ಕಪ್ ಪಂದ್ಯ, ನಿಮ್ಮ ಕೆಂಪು ಕೋಟು, ಹೋಟೆಲಿನವರ ಮುಂದೆ ನಿಮ್ಮ ಮಾನ, ಎಲ್ಲಾ ಇವತ್ತೇ ಬೀದಿಗೆ ಬರುತ್ತೆ.”

“ಬೇಡ ಉನಾ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ.”

“ನನ್ನ ಒಳ್ಳೇದು ನೋಡ್ಕೊಳ್ಳೋಕೆ ನಿಮ್ಮನ್ನ ಇಟ್ಕೊಂಡಿಲ್ಲ!”

“ಹೆಜ್ಜೆ ಇತ್ತು!” ಕಾರ್ಗಿಲ್ ಕೂಗಿಬಿಟ್ಟ. “ಹುಲ್ಲುಗೋಡೆಯ ಮರೇಲಿ, ಗಾಳಿ ಮುಟ್ಟದ ಜಾಗದಲ್ಲಿ ಹೆಜ್ಜೆ ಇತ್ತು. ಹೋದದ್ದು, ಮಂಡಿ ಊರಿದ್ದು, ವಾಪಸ್ ಬಂದದ್ದು. ಬರಿಗಾಲಿನ ಹೆಜ್ಜೆ. ಈ ಊರಲ್ಲಿ ಮಂಜು ಬಿದ್ರೂ ಬರಿಗಾಲಲ್ಲಿ ಕಡಲ ದಂಡೇಲಿ ಅಲೆಯೋ ಹುಚ್ಚ ಯಾರು, ನೀನೇ ಹೇಳು!”

ಆ ಪ್ರಶ್ನೆಯ ಉತ್ತರವೇ ಉನಾಳನ್ನು ಹೊತ್ತು ಆಡಿಸಿ ಬೆಳೆಸಿತ್ತು.

“ನಿಮ್ಮಪ್ಪನನ್ನ ಉಳಿಸಿದೀನಿ ನಾನು,” ಎಂದ ಕಾರ್ಗಿಲ್, ಮತ್ತೆ ಮೆಲ್ಲಗೆ, ಮತ್ತೆ ದಾನಿಯ ದನಿಯಲ್ಲಿ. “ಅವನೂ ಎಫೀನೂ ಬಂದರಿನಲ್ಲಿ ಜಗಳ ಆಡಿದ್ದನ್ನ ಅದೇ ವಾರ ಜನ ನೋಡಿದ್ರು. ಬಾಯಿ ಮುಚ್ಕೊಂಡು ಮರಳು ತೀಡಿಸ್ದೆ. ಇದು ನನಗೆ ಸಿಗೋ ಬೆಲೆ.”

ಉನಾ ಅವನ ಹತ್ತಿರಕ್ಕೆ ಹೋದಳು. ಎಷ್ಟು ಹತ್ತಿರವೆಂದರೆ ಅವನು ಹಿಂದಕ್ಕೆ ಸರಿದು ಕುರ್ಚಿಯ ಮೇಲೆ ಕುಸಿಯಬೇಕಾಯಿತು.

“ನೀವು ಯಾರನ್ನೂ ಉಳಿಸಿಲ್ಲ. ಒಂದು ದಿನ ನನ್ನ ಬಾಯಿ ಮುಚ್ಚಿಸೋಕೆ ಬೇಕಾಗುತ್ತೆ ಅಂತ ಗಂಟು ಕಟ್ಟಿ ಇಟ್ಕೊಂಡಿದ್ರಿ. ಇವತ್ತು ಬಿಚ್ಚಿದ್ರಿ. ಸಾಕ್ಷಿ ಅಳಿಸಿದ್ದಕ್ಕೆ ನಿಮ್ಮ ಮೇಲೆ ಕೇಸ್ ಹಾಕೇ ಹಾಕ್ತೀನಿ. ಹೆಜ್ಜೆ ನಮ್ಮಪ್ಪಂದೇ ಆಗಿದ್ರೂ ಹಾಕ್ತೀನಿ.”

ಹೊರಗೆ ಬಂದವಳು “ಬಂದರಿಗೆ ನಡಿ” ಎಂದು ಕ್ಯಾಲಮ್‌ಗೆ ಹೇಳಿ ಕಾರು ಹತ್ತಿದಳು.

*

ಬಂದರಿನ ಗೋಡೆಗೆ ಒರಗಿಕೊಂಡಂತಿದ್ದ ಗಿಡ್ಡ ಮನೆ. ಕ್ಯಾಲಮ್ ಕಾರು ನಿಲ್ಲಿಸಿದ.

“ನಾನೂ ಬರ್ಲಾ ಮೇಡಂ?”

“ಬೇಡ. ನಮ್ಮಪ್ಪನ ಹತ್ರ ಒಂದು ಮಾತು ಕೇಳಿ ಬರ್ತೀನಿ.”

ಮುರ್ಡೋ ಗಿಲ್‌ಕ್ರಿಸ್ಟ್ ಒಲೆಯ ಮುಂದೆ ಮುಕ್ಕಾಲಿಯ ಮೇಲೆ ಕೂತು ಏಡಿ ಬುಟ್ಟಿಗೆ ಹಗ್ಗ ಹೆಣೆಯುತ್ತಿದ್ದ. ಒಲೆಯ ಮೇಲೆ ಬಾರ್ಲಿ ಗಂಜಿ ಕುದಿಯುತ್ತಿತ್ತು. ಕಲ್ಲುನೆಲದ ಮೇಲೆ ಅವನ ಬರಿಯ ಪಾದಗಳು ದೋಣಿಯ ಹಳೆಯ ಹುಟ್ಟುಗಳಂತೆ ಅಗಲವಾಗಿ ಊರಿದ್ದವು.

“ಊಟ ಆಯ್ತೇನೇ? ಗಂಜಿ ಇದೆ, ಬಟ್ಟಲು ತಗೋ.”

“ಗುರುವಾರ ಸಂಜೆ ಪಾದ್ರಿಗುಂಡೀಲಿ ಏನು ಮಾಡ್ತಿದ್ದೆ?”

ಹಗ್ಗ ನಿಂತಿತು.

“ಅಪ್ಪಾ, ನಾಲ್ಕು ದಿನದಿಂದ ಈ ಊರಿನ ಒಂದೊಂದು ಬಾಗಿಲೂ ತಟ್ಟಿದೀನಿ. ನಿನ್ನೆ ಇಲ್ಲೇ ಕೂತು ನಿನ್ನೆದುರಿಗೇ ಅತ್ತೆ. ನೀನು ಬೆನ್ನು ಸವರಿ ಮೀನು ಬಡಿಸ್ದೆ! ಬಾಯಿ ಯಾಕೆ ಬಿಡ್ಲಿಲ್ಲ?”

“ಕೂಗಬೇಡ.”

“ಕೂಗ್ತೀನಿ! ಬಂದರಿಗೆಲ್ಲ ಕೇಳೋ ಹಾಗೆ ಕೂಗ್ತೀನಿ! ಅವಳ ಜೊತೆ ಜಗಳ ಯಾಕಾಡ್ದೆ?”

“ಒಬ್ಬಳೇ ಆ ಜನದ ಮೇಲೆ ಬೀಳಬೇಡ, ನಾನೂ ಬರ್ತೀನಿ ಅಂದೆ. ‘ನೀನು ಬಂದ್ರೆ ಮೀನು ನಾರುತ್ತೆ, ಸುಮ್ನೆ ಮನೇಲಿರು’ ಅಂದ್ಲು. ಅದು ಜಗಳಾನಾ? ಅವಳು ನಂಗೆ ಚಿಕ್ಕಂದಿನಿಂದ ಬೈತಾನೇ ಇದ್ಲು.” ಮುರ್ಡೋ ಹಗ್ಗವನ್ನು ಕೆಳಗಿಟ್ಟ. “ದಂಡೆಯಿಂದ ವಾಪಸ್ ಬರ್ತಿದ್ದೆ ಮಗಳೇ. ಇನ್ನೂ ಬೆಳಕಿತ್ತು. ಗಾಳೀಲಿ ಯಾರೋ ನರಳಿದ ಹಾಗೆ ಕೇಳಿಸ್ತು. ಹೋಗಿ ನೋಡಿದ್ರೆ ಎಫೀ. ಜೀವ ಇತ್ತು. ನನ್ನ ಗುರುತು ಹಿಡಿದ್ಲು, ಕೈ ಹಿಡ್ಕೊಂಡ್ಲು.”

ಉನಾ ಗೋಡೆಗೆ ಒರಗಿದಳು.

“ನಾನು ಎತ್ತೋಕೆ ನೋಡ್ದೆ. ಆಗ್ಲಿಲ್ಲ, ಈ ದರಿದ್ರ ಬೆನ್ನು. ನನ್ನ ಕೋಟು ಬಿಚ್ಚಿ ಹೊದಿಸ್ದೆ. ಕ್ಲಬ್ಬಿಗೆ ಓಡ್ದೆ. ದೀಪ ಉರೀತಿತ್ತು. ಬಾಗಿಲು ಬಡ್ದೆ.”

“ಕ್ಲಬ್ಬಿಗೆ ಬೀಗ ಹಾಕಿತ್ತು ಅಂತಾರೆ.”

“ಹಾಕಿರ್ಲಿಲ್ಲ. ಒಳಗೆ ಯಾರೋ ನಗ್ತಿದ್ರು. ಅವರ ಮುಖ ಕಾಣ್ಲಿಲ್ಲ. ಬಾಗಿಲು ತೆಗೆದೋನು ಹೊಸ್ತಿಲಲ್ಲೇ ಅಡ್ಡ ನಿಂತು, ‘ನೀನು ಮನೆಗೆ ಹೋಗು, ಆಂಬುಲೆನ್ಸ್ ಕರೀತೀನಿ, ನಾನು ನೋಡ್ಕೋತೀನಿ’ ಅಂದ. ನಾನು ನಂಬ್ದೆ ಕಣೇ. ಯಾಕೆ ನಂಬಬಾರದು? ನಂಬೋಕೇ ಅಲ್ವಾ ಅವನಿರೋದು?”

“ಅಪ್ಪಾ, ಹೆಣದ ಮೇಲೆ ಕೋಟು ಇರ್ಲಿಲ್ಲ. ಯಾವ ಚಿತ್ರದಲ್ಲೂ ಇಲ್ಲ.”

ಮುದುಕ ಕೈಯೆತ್ತಿ ಬಾಗಿಲ ಹಿಂದಿನ ಗೂಟವನ್ನು ತೋರಿಸಿದ. ನೀಲಿ ಉಣ್ಣೆಯ ದಪ್ಪ ಕೋಟು ಅಲ್ಲಿ ತೂಗುತ್ತಿತ್ತು.

“ಶುಕ್ರವಾರ ಮಧ್ಯಾಹ್ನ ಅವನೇ ತಂದುಕೊಟ್ಟ. ಒಳ್ಳೇ ಅಂಗಡಿಯವರ ಹಾಗೆ ಮಡಚಿ ತಂದಿದ್ದ. ‘ನಿನ್ನ ಕೋಟು, ನಿನ್ನ ಹೆಜ್ಜೆ, ನಿನ್ನ ಜಗಳ. ಬಾಯಿಬಿಟ್ರೆ ನೀನು ಜೈಲಿಗೆ, ಮಗಳು ಕೆಲಸ ಕಳ್ಕೊಂಡು ಮನೆಗೆ’ ಅಂದ.”

ಉನಾ ಕೋಟನ್ನೇ ನೋಡಿದಳು. ಚಳಿಯಲ್ಲಿ ಸಾಯುತ್ತಿದ್ದ ಹೆಂಗಸಿನ ಮೈಮೇಲಿಂದ ಯಾರೋ ಗುಂಡಿಗೆ ಇಳಿದು, ಬಗ್ಗಿ, ಆ ಕೋಟನ್ನು ಎಳೆದುಕೊಂಡಿದ್ದರು. ಅವಳು ಕಣ್ಣು ತೆರೆದಿದ್ದಳೋ ಏನೋ. ಬೇಡ ಎಂದು ಅಂಚು ಹಿಡಿದುಕೊಂಡಿದ್ದಳೋ ಏನೋ. ಇಷ್ಟು ದಿನ ಕುದಿಯುತ್ತಿದ್ದ ಸಿಟ್ಟು ಉನಾಳ ಎದೆಯಲ್ಲಿ ಒಮ್ಮೆಲೇ ಹೆಪ್ಪುಗಟ್ಟಿತು.

“ಯಾರು?”

ಮುರ್ಡೋ ಕಿಟಕಿಯ ಕಡೆಗೆ ನೋಡಿದ. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

“ಈಗ ನಿನ್ನನ್ನ ಕರ್ಕೊಂಡು ಬಂದನಲ್ಲ, ಅವನೇ.”

ಕಾರ್ಗಿಲ್ ನೋಡಿದಾಗ ಚೆಂಡು ಇರಲಿಲ್ಲ. ಚಿತ್ರ ತೆಗೆದಾಗ ಇತ್ತು. ನಡುವೆ ಗುಂಡಿಗೆ ಇಳಿದವನು ಒಬ್ಬನೇ, ಚಳಿಗಾಲದ ಅಭ್ಯಾಸಕ್ಕೆಂದು ಕ್ಲಬ್ಬಿನ ಬೀಗದಕೈ ಇಟ್ಟುಕೊಂಡವರಲ್ಲಿ ಒಬ್ಬ.

ಕಲ್ಲಿನ ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತಿರ ಬಂತು. ಬಾಗಿಲು ತೆರೆಯಿತು. ಕ್ಯಾಲಮ್ ಬೇರ್ಡ್ ಎಂದಿನಂತೆ ವಿನಯದಿಂದ ಟೋಪಿ ತೆಗೆದ.

“ಕೂಗಾಟ ಕೇಳಿಸ್ತು ಮೇಡಂ,” ಎಂದ. ಒಮ್ಮೆ ಉನಾಳನ್ನು, ಒಮ್ಮೆ ಮುದುಕನನ್ನು, ಆಮೇಲೆ ಗೂಟದಲ್ಲಿದ್ದ ಕೋಟನ್ನು ನೋಡಿದ.

ಒಳಗೆ ಬಂದು, ಬೆನ್ನ ಹಿಂದೆ ಕೈ ಚಾಚಿ, ಬಾಗಿಲಿನ ಅಗುಳಿ ಹಾಕಿದ.